ಐದು ಗಂಟೆಯವರೆಗೆ

ಲಾಂಚು ಆಚೆ ದಡದಲ್ಲಿತ್ತು. ಅದರ ಆಳುಗಳು ಊಟ ಮುಗಿಸಿ, ಹೊಳೆ ದಾಟಿ ಈಚೆಗೆ ಬಂದು, ಲಾರಿಗಳನ್ನು ಇಳಿಸಿ, ಮತ್ತೆ ತುಂಬಿಕೊಳ್ಳಲು ಇನ್ನೂ ಮುಕ್ಕಾಲು ಗಂಟೆ ಬೇಕು ಎಂದು ಆಂಬುಲೆನ್ಸಿನ ಹಿಂಬದಿಯಲ್ಲಿ ಕೂತ ನರ್ಸ್ ಥಾಮ್ ಅಂದಾಜು ಮಾಡಿದಳು. ಅಂದಾಜು ಮಾಡುವಾಗಲೂ ಅವಳ ಬಲಗೈ ಗಾಳಿಚೀಲವನ್ನು ಅಮುಕುತ್ತಿತ್ತು, ಬಿಡುತ್ತಿತ್ತು. ಅಮುಕಿದಾಗ ಮುದುಕ ಬಾನ್‌ನ ಎದೆ ಏಳುತ್ತಿತ್ತು, ಬಿಟ್ಟಾಗ ಇಳಿಯುತ್ತಿತ್ತು. ಸ್ಟ್ರೆಚರಿನ ಪಕ್ಕಕ್ಕೆ ಕಟ್ಟಿದ್ದ ಸಿರಿಂಜ್ ಪಂಪು ಹಸಿರು ದೀಪ ಮಿನುಗಿಸುತ್ತಾ, ಕಣ್ಣಿಗೆ ಗೊತ್ತಾಗದಷ್ಟು ನಿಧಾನವಾಗಿ ನಾರ್‌ಅಡ್ರಿನಲಿನ್ನನ್ನು ಅವನ ರಕ್ತಕ್ಕೆ ತಳ್ಳುತ್ತಿತ್ತು. ಅದು ನಿಂತರೆ ರಕ್ತದೊತ್ತಡ ಕುಸಿದು ಮುದುಕ ಹತ್ತು ನಿಮಿಷದಲ್ಲಿ ಹೋಗುತ್ತಾನೆ. ಹೋಗಲೇಬೇಕು, ಆದರೆ ಇಲ್ಲಲ್ಲ, ಮನೆಯಲ್ಲಿ. ಹೊರಗೆ ಸತ್ತವರನ್ನು ಹೊಸಿಲು ದಾಟಿಸುವಂತಿಲ್ಲ; ಅಂಗಳದಲ್ಲಿ ಚಪ್ಪರ ಹಾಕಿ ಅಲ್ಲೇ ಮಲಗಿಸಬೇಕು, ತಾನೇ ಕಟ್ಟಿದ ಮನೆಯ ಹೊರಗೆ, ಯಾರೋ ದಾರಿಹೋಕನ ಹಾಗೆ. ಅದಕ್ಕೇ ಡಾಕ್ಟರು ಇನ್ನು ಮಾಡುವಂಥದ್ದೇನೂ ಉಳಿದಿಲ್ಲ ಎಂದ ಕೂಡಲೇ ಮನೆಯವರು ಕರೆದುಕೊಂಡು ಹೋಗುತ್ತೇವೆ ಎನ್ನುತ್ತಾರೆ, ಆಸ್ಪತ್ರೆ ಒಬ್ಬ ನರ್ಸನ್ನೂ ಒಂದು ಪಂಪನ್ನೂ ಜತೆಗೆ ಕಳಿಸುತ್ತದೆ, ನರ್ಸು ಮನೆಯೊಳಗೆ ಹೋಗಿ ಪಂಪು ನಿಲ್ಲಿಸಿ ವಾಪಸು ಬರುತ್ತಾಳೆ. ಈ ತಿಂಗಳಲ್ಲಿ ಥಾಮ್‌ಗೆ ಇದು ನಾಲ್ಕನೆಯದು.

“ಹನ್ನೆರಡಕ್ಕೆ ಹೊರಟಿದ್ರೆ ಇಷ್ಟೊತ್ತಿಗೆ ಆಚೆ ದಡದಲ್ಲಿರ್ತಿದ್ವಿ,” ಎಂದ ಡ್ರೈವರ್ ತೋಯ್, ಕನ್ನಡಿಯಲ್ಲಿ ಅವಳನ್ನು ನೋಡುತ್ತಾ. “ನಿನ್ನ ಹುಡುಕಿ ಹುಡುಕಿ ನನ್ನ ಚಪ್ಪಲಿ ಸವೀತು. ಎಲ್ಲಿ ಹೋಗಿದ್ದೆ ತಾಯಿ?”

“ಔಷಧಿ ತರೋಕೆ ಹೋಗಿದ್ದೆ ತೋಯಣ್ಣ.”

“ಔಷಧಿ ಮರದಿಂದ ಇಳಿಸ್ಕೊಂಡು ಬಂದ್ಯಾ?”

ಎದುರಿನ ಬೆಂಚಿನಲ್ಲಿ ಕೂತಿದ್ದ ಮುದುಕನ ಹೆಂಡತಿ ಹೊದಿಕೆಯ ಮೇಲಿಂದಲೇ ಗಂಡನ ಪಾದ ಹಿಡಿದುಕೊಂಡಿದ್ದಳು. ಕೇಳಿಸಿತೋ ಇಲ್ಲವೋ, ಮುಖ ಎತ್ತಲಿಲ್ಲ. ಥಾಮ್ ಹೋಗಿದ್ದದ್ದು ವಾರ್ಡಿನ ಕೊನೆಯ ಬಟ್ಟೆ ಕೋಣೆಗೆ. ಒಗೆದ ಹೊದಿಕೆಗಳ ರಾಶಿಗೆ ಮುಖ ಒತ್ತಿ ನಲವತ್ತು ನಿಮಿಷ ನಿಂತಿದ್ದಳು. ಬೆಳಿಗ್ಗೆ ಮೇಲ್ವಿಚಾರಕಿ ಎಲ್ಲರೆದುರು, “ಥಾಮ್ ಹೋಗ್ಲಿ ಬಿಡ್ರೇ, ಅವಳ ಕೈಗುಣ ಒಳ್ಳೇದು, ದಾರೀಲಿ ಒಬ್ರೂ ಹೋಗಿಲ್ಲ, ಎಲ್ಲಾ ಮನೆ ಮುಟ್ಟಿದ ಮೇಲೇನೇ,” ಎಂದಿದ್ದಳು. ಹುಡುಗಿಯರೆಲ್ಲ ನಕ್ಕಿದ್ದರು, ಥಾಮ್ ಕೂಡ ನಕ್ಕಿದ್ದಳು, ನಗದಿದ್ದರೆ ಮುನಿಸಿಕೊಂಡಳು ಎನ್ನುತ್ತಾರೆ. ಆಮೇಲೆ ಮುದುಕನ ಮಗ ದುವೊಕ್ ಬಂದು, “ಸಿಸ್ಟರ್, ನಾನು ಬೈಕಲ್ಲಿ ಮುಂದೆ ಹೋಗ್ತೀನಿ, ನೀವು ಮೂರು ಗಂಟೆಯೊಳಗೆ ಬಂದುಬಿಡಿ, ದಯವಿಟ್ಟು, ಮೂರರೊಳಗೆ,” ಎಂದು ಎರಡೆರಡು ಸಲ ಹೇಳಿದ್ದ. ಎಲ್ಲರೂ ಆತುರ ಮಾಡುತ್ತಾರೆ, ಆಗಲಿ ಅಂದಿದ್ದಳು. ಅಂದವಳ ಕಾಲು ಆಂಬುಲೆನ್ಸಿನ ಕಡೆಗೆ ಹೋಗದೆ ಬಟ್ಟೆ ಕೋಣೆಯ ಕಡೆಗೆ ಹೋದವು. ಅಲ್ಲಿ ಕತ್ತಲಲ್ಲಿ ಅವಳ ಎದೆ ಹೊಡೆದುಕೊಂಡ ರೀತಿಗೆ ಅವಳಿಗೇ ಆಶ್ಚರ್ಯವಾಗಿತ್ತು. ಹೆದರಿದವರ ಒಡಲಲ್ಲಿ ತಾನಾಗಿ ಊರುವ ರಸವನ್ನೇ ಗಾಜಿನ ಕುಪ್ಪಿಯಲ್ಲಿ ತುಂಬಿ ಆಸ್ಪತ್ರೆಯವರು ಸಾಯುವವರಿಗೆ ಕೊಡುವುದು. ಇದನ್ನು ಅವಳು ಹದಿನಾಲ್ಕು ವರ್ಷದ ಹಿಂದೆ ತರಗತಿಯಲ್ಲಿ ಬರೆದುಕೊಂಡಿದ್ದಳು. ಕೋಣೆಯಲ್ಲಿ ತನ್ನ ಮೈಯಲ್ಲಿ ಹರಿದದ್ದರಲ್ಲಿ ಒಂದಿಷ್ಟು ಆ ಮುದುಕನಿಗಿದ್ದರೆ ಪಂಪೇ ಬೇಡವಾಗಿತ್ತು.

ಮೊದಲ ಸಲ ಆ ಔಷಧಿ ಕೊಟ್ಟ ದಿನ ಅವಳಿಗೆ ಸೊಕ್ಕು ಬಂದಿತ್ತು. ಇಪ್ಪತ್ತೊಂದು ವರ್ಷ. ಮೀನಿನ ಬುಟ್ಟಿ ಹೊರುವ ಹೆಂಗಸೊಬ್ಬಳು ಹೆರಿಗೆಯ ನಂಜೇರಿ ಬಿದ್ದಿದ್ದಳು, ಒತ್ತಡ ಐವತ್ತಕ್ಕಿಳಿದಿತ್ತು. ಥಾಮ್ ಪಂಪಿನ ಗುಂಡಿ ಒತ್ತಿದಳು, ಅಂಕಿ ಅರವತ್ತಾಯಿತು, ಎಪ್ಪತ್ತೆಂಟಾಯಿತು, ನೂರಾಯಿತು. ಹೆಂಗಸು ಕಣ್ಣು ಬಿಟ್ಟು ಮಗು ಎಲ್ಲಿ ಎಂದಳು. ಆ ಸಂಜೆ ಥಾಮ್ ಸೈಕಲ್ಲಿನಲ್ಲಿ ಮನೆಗೆ ಹೋಗುವಾಗ ದಾರಿಯ ಜನರನ್ನೆಲ್ಲ ಒಂದು ಬಗೆಯ ಕರುಣೆಯಿಂದ ನೋಡಿದ್ದಳು, ಇವರಿಗೇನು ಗೊತ್ತು ಎಂಬಂತೆ. ಅದೇ ಔಷಧಿ, ಅದೇ ಹಸಿರು ದೀಪ. ಆದರೆ ಆ ಔಷಧಿ ಎಲ್ಲಿಂದಲೂ ಹೊಸದಾಗಿ ಏನನ್ನೂ ತಂದುಕೊಡುವುದಿಲ್ಲ ಎಂಬುದನ್ನು ಆಗ ಅವಳು ಪುಸ್ತಕದಲ್ಲಿ ಓದಿದ್ದಳೇ ಹೊರತು ಕಂಡಿರಲಿಲ್ಲ. ಕೈಕಾಲುಗಳ ರಕ್ತನಾಳಗಳನ್ನು ಹಿಂಡಿ, ಅಲ್ಲಿಯದನ್ನು ಕಿತ್ತು ಎದೆಗೂ ತಲೆಗೂ ಕೊಡುತ್ತದೆ. ಒಂದೆರಡು ದಿನವಾದರೆ ಚಿಂತೆಯಿಲ್ಲ. ಬಾನ್‌ಗೆ ಇದು ಒಂಬತ್ತನೆಯ ದಿನ. ಆತನ ಎರಡೂ ಕೈಗಳಿಗೆ ಹತ್ತಿ ಇಟ್ಟು ಬಿಳಿ ಪಟ್ಟಿ ಸುತ್ತಿದವಳು ಥಾಮ್. ಬೆಚ್ಚಗಿರಲಿ ಅಂತ, ಎಂದು ಮನೆಯವರಿಗೆ ಹೇಳುವುದು ಅವರ ವಾರ್ಡಿನ ಪದ್ಧತಿ.

ಮುದುಕನ ಮನೆ ಮುಟ್ಟಿದಾಗ ಮೂರು ಹತ್ತು. ಹಳೆಯ ದೋಣಿಗಳನ್ನು ದಡಕ್ಕೆಳೆದು ರಿಪೇರಿ ಮಾಡುವ ಜಾಗದ ಹಿಂದೆಯೇ ಮನೆ. ಬಾನ್ ಅಲ್ಲಿ ಹಲಗೆಗಳ ಸಂದಿಗೆ ನಾರು ತುರುಕಿ ಕಪ್ಪು ರಾಳ ತುಂಬುತ್ತಿದ್ದವನು, ಒಂಬತ್ತು ದಿನದ ಹಿಂದೆ ಅಲ್ಲಿಯೇ ಜ್ವರದಲ್ಲಿ ಕುಸಿದವನು. ನಾಲ್ಕು ಜನ ಸ್ಟ್ರೆಚರ್ ಎತ್ತಿದರು, ಥಾಮ್ ಚೀಲ ಅಮುಕುತ್ತಾ ಪಕ್ಕದಲ್ಲಿ ಓಡಿದಳು, ಹೊಸಿಲು ದಾಟಿತು, ತೀರಿಕೊಂಡ ಹಿರಿಯರನ್ನು ಪೂಜಿಸುವ ಪೀಠದೆದುರು ಹಾಕಿದ್ದ ಮರದ ಮಂಚಕ್ಕೆ ಇಳಿಸಿದರು. ಅವಳು ಮುದುಕನ ಕುತ್ತಿಗೆ ಮುಟ್ಟಿ ನೋಡಿದಳು. ನಾಡಿ ಇತ್ತು. ಮನೆ ಮುಟ್ಟಿಸಿದೆ ಎಂಬ ಹಗುರ ಅವಳ ಮೈಯಲ್ಲಿ ಇಳಿಯುವ ಮೊದಲೇ ದುವೊಕ್‌ನ ಮುಖ ಕಂಡಿತು. ಅವನು ಅಳುತ್ತಿರಲಿಲ್ಲ, ಗೋಡೆಯ ಗಡಿಯಾರ ನೋಡುತ್ತಿದ್ದ.

“ಮೂರರೊಳಗೆ ಅಂದಿದ್ನಲ್ಲ ಸಿಸ್ಟರ್.”

ಅವನ ಕೈಯಲ್ಲಿ ಮಡಿಚಿದ ಹಳದಿ ಕಾಗದವಿತ್ತು. ಗುಡಿಯ ಹಿರಿಯನೊಬ್ಬ ಬಾನ್ ಹುಟ್ಟಿದ ವರ್ಷ, ಇವತ್ತಿನ ದಿನ ಎಲ್ಲ ಎಣಿಸಿ ಬರೆದುಕೊಟ್ಟದ್ದು. ಮೂರರಿಂದ ಐದು ಕೆಟ್ಟ ಗಳಿಗೆ. ಆ ಗಳಿಗೆಯಲ್ಲಿ ಹೋದವರು ಒಬ್ಬರೇ ಹೋಗುವುದಿಲ್ಲ, ಮನೆಯಿಂದ ಇನ್ನೊಬ್ಬರನ್ನು ಕರೆದುಕೊಂಡು ಹೋಗುತ್ತಾರೆ. ಒಳಬಾಗಿಲಲ್ಲಿ ದುವೊಕ್‌ನ ಹೆಂಡತಿ ಸೆನ್ ಗೋಡೆಗೊರಗಿ ನಿಂತಿದ್ದಳು, ಎಂಟು ತಿಂಗಳ ಹೊಟ್ಟೆ. ಯಾರೋ ಹೆಂಗಸರು ಅವಳನ್ನು ಮುಂದೆ ಬಾರದಂತೆ ತೋಳು ಹಿಡಿದುಕೊಂಡಿದ್ದರು.

“ಐದರವರೆಗೆ ಹಿಡ್ಕೊಳ್ಳಿ,” ಎಂದ ದುವೊಕ್. “ಹೋದ ವರ್ಷ ಒಂದು ಮಗು ಹೊಟ್ಟೇಲೇ ಹೋಯ್ತು ನಮಗೆ. ಇದೊಂದು ಉಳೀಬೇಕು. ನಿಮ್ಮ ಕಾಲಿಗೆ ಬೀಳ್ತೀನಿ.”

ಥಾಮ್‌ಗೆ ಗಳಿಗೆಗಳಲ್ಲಿ ನಂಬಿಕೆಯಿತ್ತೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಇಲ್ಲ ಎಂದು ಆಸ್ಪತ್ರೆಯಲ್ಲಿ ಹೇಳುತ್ತಿದ್ದಳು. ತನ್ನ ಮದುವೆಯ ದಿನ ಮಾತ್ರ ಗಳಿಗೆ ಕೇಳಿಸಿಯೇ ಹೊರಟಿದ್ದಳು. ಈಗ ನಂಬಿಕೆಯ ಪ್ರಶ್ನೆಯೇ ಇರಲಿಲ್ಲ. ಆ ಹೊಟ್ಟೆಯಲ್ಲಿರುವುದಕ್ಕೆ ಮುಂದೆ ಏನೇ ಆದರೂ, ನೆಗಡಿಯೇ ಆದರೂ, ಈ ಮನೆಯವರು ಇವತ್ತಿನ ನಲವತ್ತು ನಿಮಿಷವನ್ನು ನೆನೆಯುತ್ತಾರೆ, ಎಲ್ಲಿ ಹೋದವು ಎಂದು ತಿಳಿಯದೆ. ಅವಳಿಗೆ ಮಾತ್ರ ತಿಳಿದಿರುತ್ತದೆ.

ಸಿರಿಂಜಿನಲ್ಲಿದ್ದದ್ದು ನಾಲ್ಕು ಗಂಟೆಯವರೆಗೆ ಬರುವಷ್ಟು. ಡಾಕ್ಟರ್ ಕಿಯೆತ್‌ಗೆ ಫೋನ್ ಮಾಡಿ, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಚೀಲ ಅಮುಕುತ್ತಲೇ ಮಾತಾಡಿದಳು.

“ಇನ್ನೂ ನಿಲ್ಲಿಸಿಲ್ವೇನಮ್ಮಾ?” ಎಂದರು ಅವರು. “ಐದು ಗಂಟೆ ಅಂತ ಯಾವ ಪುಸ್ತಕದಲ್ಲಿದೆ?”

“ಮನೆಯವರು ಕೇಳ್ಕೋತಿದಾರೆ ಸರ್. ಕಿಟ್‌ನಲ್ಲಿ ಅಡ್ರಿನಲಿನ್ ಮೂರು ಆಂಪೂಲ್ ಇದೆ. ಅದನ್ನ ಹಾಕ್ಲಾ?”

ಆ ಕಡೆ ಯಾರದೋ ನಗು, ಚಮಚದ ಸದ್ದು. “ನಿನ್ನಿಷ್ಟ. ನಾನು ಹಾಕು ಅಂತ ಹೇಳಿಲ್ಲ, ನೆನಪಿರ್ಲಿ.”

ಅವಳು ಬೆಳಿಗ್ಗೆಯಿಂದ ಉಚ್ಚೆ ತಡೆದುಕೊಂಡಿದ್ದಳು. ಇಷ್ಟು ಜನರ ನಡುವೆ, ಸಾಯುವವನೊಬ್ಬನ ತಲೆಯ ಬಳಿ ನಿಂತು, ಅದನ್ನು ಹೇಳುವುದು ಹೇಗೆ ಎಂದು ಕಾಲಿಗೆ ಕಾಲು ಹೆಣೆದುಕೊಂಡು ನಿಂತಳು. ಕೊನೆಗೆ ತಡೆಯಲಾಗದೆ ದುವೊಕ್‌ನ ಕೈಗೆ ಚೀಲ ಕೊಟ್ಟು, “ಒಂದು, ಎರಡು, ಮೂರು ಅಂತ ಎಣಿಸಿ ಅಮುಕಿ. ಈಗ ಬಂದೆ,” ಎಂದಳು. “ಎಲ್ಲಿಗೆ ಹೋಗ್ತೀರಿ?” ಎಂದು ಅವನು ಹೆದರಿ ಕೂಗಿದ, ಎಲ್ಲರೂ ಅವಳತ್ತ ತಿರುಗಿದರು, ಅವಳು ಹಿತ್ತಲ ಕಡೆ ಬೆರಳು ತೋರಿಸಿದಳು. ಮೀನಿನ ಹೊಂಡದ ಮೇಲೆ ಹಲಗೆ ಜೋಡಿಸಿ ಕಟ್ಟಿದ ಪಾಯಖಾನೆಯಲ್ಲಿ ಕೂತಾಗ ಕೆಳಗೆ ಮೀನುಗಳು ಬಾಯಿ ತೆರೆದು ಮುತ್ತಿಕೊಂಡವು. ಇಲ್ಲಿಂದ ಹೊಂಡದ ದಂಡೆ ಹಿಡಿದು ನಡೆದುಬಿಟ್ಟರೆ ರಸ್ತೆ ಸಿಗುತ್ತದೆ, ಬಸ್ಸು ಸಿಗುತ್ತದೆ. ಹಾಗಂದುಕೊಂಡು, ಮುಗಿದ ಮೇಲೂ ಒಂದು ನಿಮಿಷ ಅಲ್ಲೇ ಕೂತಿದ್ದಳು. ಕೂತಿದ್ದೇನೆ ಎಂಬ ಅರಿವಾದಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಓಡಿ ಬಂದಳು. ದುವೊಕ್ ನೂರಾ ಎಪ್ಪತ್ತರ ಹತ್ತಿರ ಎಣಿಸುತ್ತಿದ್ದ. ಮೂರಾದ ಮೇಲೆ ಮತ್ತೆ ಒಂದರಿಂದ ಶುರುಮಾಡಬೇಕು ಎಂದು ಅವಳು ಹೇಳಿರಲಿಲ್ಲ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಚೀಲವನ್ನು ಮತ್ತೆ ಅವನಿಗೊಪ್ಪಿಸಿ, ಮೂರು ಆಂಪೂಲುಗಳ ಕತ್ತು ಮುರಿದು, ಸಲೈನಿಗೆ ಬೆರೆಸಿ ಹೊಸ ಸಿರಿಂಜ್ ತುಂಬಿಸಿಕೊಂಡಳು. ವಾರ್ಡಿನಲ್ಲಾದರೆ ಎರಡು ಪಂಪುಗಳನ್ನು ಅಕ್ಕಪಕ್ಕ ಇಟ್ಟು ಒಂದನ್ನು ಏರಿಸುತ್ತಾ ಇನ್ನೊಂದನ್ನು ಇಳಿಸುತ್ತಾರೆ. ಇಲ್ಲಿ ಇದ್ದದ್ದು ಒಂದೇ. ಹಳೆಯದನ್ನು ಕಿತ್ತು ಹೊಸದನ್ನು ಕೂರಿಸುವ ಹತ್ತು ಹನ್ನೆರಡು ಸೆಕೆಂಡು ಮುದುಕನ ಒಳಗೆ ಏನೂ ಹೋಗುವುದಿಲ್ಲ. ಕೊಳವೆಯ ತಿರುಪು ಮೊದಲ ಸಲ ಕೂರಲಿಲ್ಲ. ಸ್ಟ್ರೆಚರಿನ ಜತೆ ಬಂದಿದ್ದ ಪುಟ್ಟ ಮಾನಿಟರಿನಲ್ಲಿ ಒತ್ತಡ ನಲವತ್ತನಾಲ್ಕಕ್ಕೆ ಬಿತ್ತು. ಯಾರೋ ಹೆಂಗಸು ಬಿಕ್ಕಿದಳು, ಯಾರೋ ಅವಳ ಬಾಯಿ ಮುಚ್ಚಿದರು. ಎರಡನೆಯ ಸಲ ಕೂತಿತು. ಐವತ್ತು. ಅರವತ್ತೊಂದು. ಎಂಬತ್ತೆಂಟು. ಮುದುಕನ ಎದೆಯ ಬಡಿತ ಹೊರಗಿನಿಂದಲೇ ಕಾಣುವಷ್ಟು ಜೋರಾಯಿತು. ಅಂಕಿ ಏರುವಾಗ ಅವಳೊಳಗೆ ಆ ಇಪ್ಪತ್ತೊಂದು ವರ್ಷದವಳ ಸೊಕ್ಕು ಒಂದು ಗಳಿಗೆ ತಲೆಯೆತ್ತಿತು, ಅದಕ್ಕೂ ಅವಳಿಗೆ ನಾಚಿಕೆಯಾಯಿತು.

ಚೀಲವನ್ನು ವಾಪಸು ಕೈಗೆ ತೆಗೆದುಕೊಂಡು ಅವಳು ಅಂಕಿ ನೋಡುತ್ತಿದ್ದಾಗಲೇ ಮುದುಕಿ ಮಂಚದ ಆಚೆ ಕಡೆ ಬಂದು ಕೂತಿದ್ದಳು. ಒಂದು ಬೋಗುಣಿ ಬಿಸಿನೀರು, ಚಿಂದಿ ಬಟ್ಟೆ, ಸೀಮೆಎಣ್ಣೆಯ ಶೀಷೆ. ಥಾಮ್‌ಗೆ ವಾಸನೆ ಬಂದು ತಿರುಗಿ ನೋಡುವಷ್ಟರಲ್ಲಿ ಮುದುಕನ ಎಡಗೈಯ ಪಟ್ಟಿ ಪೂರ್ತಿ ಬಿಚ್ಚಿಹೋಗಿತ್ತು. ಐದು ಬೆರಳೂ ಗೆಣ್ಣಿನವರೆಗೆ ಕಪ್ಪು. ಮುದುಕಿ ಸೀಮೆಎಣ್ಣೆಯ ಬಟ್ಟೆಯಿಂದ ಹೆಬ್ಬೆರಳನ್ನು ತಿಕ್ಕುತ್ತಿದ್ದಳು.

“ಬಿಡ್ತಾನೇ ಇಲ್ಲ ನೋಡು ಮಗಳೇ,” ಎಂದಳು. “ನಲವತ್ತಾರು ವರ್ಷ ನಂದು ಇದೇ ಕೆಲಸ. ಊಟಕ್ಕೆ ಮುಂಚೆ ಕೈ ಹಿಡ್ಕೊಂಡು ರಾಳ ಉಜ್ಜೋದು. ಇವರಿಗೆಲ್ಲಿ ಪುರುಸೊತ್ತು? ಹೊಟ್ಟೆಗೇನು ಕಣ್ಣಿದ್ಯಾ, ಬಿಡೇ ಅಂತಿದ್ರು. ಆಸ್ಪತ್ರೇಲಿ ಯಾರೂ ತೊಳೆದಿಲ್ಲ ಅಂತ ಕಾಣುತ್ತೆ. ನಿಮಗೂ ಕೆಲಸ ಜಾಸ್ತಿ, ಪಾಪ.”

ಅವಳು ಜೋರಾಗಿ ತಿಕ್ಕಿದಳು. ಮುದುಕನ ಹುಬ್ಬುಗಳ ನಡುವೆ ಒಂದು ಗೆರೆ ಎದ್ದಿತು, ತೀರಾ ಸಣ್ಣದು, ಮಲಗಿದವನಿಗೆ ನೊಣ ಕೂತಾಗ ಏಳುವಂಥದ್ದು. ಥಾಮ್ ಅದನ್ನು ಕಂಡಳು. ಮತ್ತೆ ತಿಕ್ಕಿದಾಗ ಮತ್ತೆ ಎದ್ದಿತು. ಮಂಪರಿನ ಔಷಧಿ ಬೆಳಿಗ್ಗೆಯೇ ಮುಗಿದಿತ್ತು. ಇನ್ನು ಅದೇಕೆ, ದಾರಿ ಮಟ್ಟಿಗೆ ತಾನೆ, ಎಂದು ವಾರ್ಡಿನಲ್ಲಿ ಅಂದಿದ್ದರು.

“ದೊಡ್ಡಮ್ಮ, ಬಿಡಿ.”

“ಇನ್ನೊಂಚೂರು. ಸ್ವಚ್ಛ ಕೈಯಲ್ಲಿ ಹೋಗ್ಲಿ.”

“ಅದು ರಾಳ ಅಲ್ಲ ದೊಡ್ಡಮ್ಮ.”

ಮುದುಕಿ ತಲೆಯೆತ್ತಿದಳು. ದುವೊಕ್ ಅಂಗಳದಲ್ಲಿ ತೋಯ್ ಜತೆ ಮಾತಾಡುತ್ತಿದ್ದ. ಕೇಳಿಸುವಷ್ಟು ಹತ್ತಿರ ಯಾರೂ ಇರಲಿಲ್ಲ. ಸುಳ್ಳು ಹೇಳುವುದು ಈಗಲೂ ಸುಲಭವಿತ್ತು, ಹದಿನಾಲ್ಕು ವರ್ಷದ ಅಭ್ಯಾಸವಿತ್ತು. ಆದರೆ ಆ ಬಟ್ಟೆ ಮತ್ತೆ ಆ ಬೆರಳಿನ ಮೇಲೆ ಬೀಳುವುದನ್ನು ಅವಳಿಂದ ನೋಡಲಾಗುತ್ತಿರಲಿಲ್ಲ.

“ನಮ್ಮ ಔಷಧಿಯಿಂದ ಆಗಿದ್ದು. ಕೈಕಾಲಿನ ರಕ್ತ ಹಿಂಡಿ ಎದೆಗೆ ಕೊಡುತ್ತೆ ಅದು. ಬೆರಳಿಗೆ ಏನೂ ಉಳಿಯಲ್ಲ, ಕಪ್ಪಾಗುತ್ತೆ. ಪಟ್ಟಿ ಸುತ್ತಿದ್ದೂ ನಾನೇ. ನಿಮಗೆ ಕಾಣಬಾರ್ದು ಅಂತ.”

ಮುದುಕಿ ಬಟ್ಟೆಯನ್ನು ಬೋಗುಣಿಯ ಅಂಚಿಗೆ ಹಾಕಿದಳು.

“ಈಗ ಹಾಕಿದ್ದೂ ಅದೇನಾ?”

“ಅದಕ್ಕಿಂತ ಜೋರಿಂದು.”

“ನೋವಾಗುತ್ತಾ ಇವರಿಗೆ?”

ಇದಕ್ಕೆ ವಾರ್ಡಿನಲ್ಲಿ ಕಲಿಸಿಕೊಟ್ಟ ಉತ್ತರವೊಂದಿತ್ತು. ಅವರಿಗೇನೂ ಗೊತ್ತಾಗಲ್ಲ, ನಿದ್ದೆಯಲ್ಲಿದ್ದಾರೆ. ಥಾಮ್ ಅದನ್ನು ನಾಲಿಗೆಯ ತುದಿಯವರೆಗೆ ತಂದಳು.

“ಗೊತ್ತಿಲ್ಲ ದೊಡ್ಡಮ್ಮ. ಆಗ್ತಾ ಇರಬಹುದು. ನಿಲ್ಲಿಸಿದ್ರೆ ಹತ್ತು ನಿಮಿಷದಲ್ಲಿ ಮುಗಿಯುತ್ತೆ. ನಿಲ್ಲಿಸ್ಲಾ?”

ನಿಲ್ಲಿಸು ಎನ್ನಲಿ ಎಂದು ಅವಳ ಇಡೀ ಜೀವ ಬೇಡಿಕೊಳ್ಳುತ್ತಿತ್ತು. ನಾಲ್ಕು ಇಪ್ಪತ್ತಾಗಿತ್ತು. ಒಳಬಾಗಿಲಲ್ಲಿ ಸೆನ್ ಈಗ ಕುರ್ಚಿಯ ಮೇಲೆ ಕೂತಿದ್ದಳು, ಕಾಲು ಊದಿಕೊಂಡಿದ್ದವು, ಎರಡೂ ಅಂಗೈ ಹೊಟ್ಟೆಯ ಮೇಲೆ. ಮುದುಕಿ ಸೊಸೆಯನ್ನು ನೋಡಿದಳು, ಗಂಡನ ಹಣೆಯ ಮೇಲಿನ ಗೆರೆಯನ್ನು ನೋಡಿದಳು, ಮತ್ತೆ ಅವಳನ್ನು ನೋಡಿದಳು. ಆ ಮುಖದಲ್ಲಿ ನಡೆದದ್ದನ್ನು ಥಾಮ್ ಎದುರಿಸಲಾರದೆ ಪಂಪಿನ ದೀಪ ನೋಡಿದಳು.

“ಐದರವರೆಗೆ ಇರಲಿ,” ಎಂದಳು ಮುದುಕಿ. “ತಡ್ಕೋತಾರೆ. ಎಷ್ಟೋ ತಡ್ಕೊಂಡಿದಾರೆ.”

ಆಮೇಲೆ ಗಂಡನ ಕಪ್ಪು ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು, ಮುಟ್ಟಿದರೆ ನೋವಾದೀತೆಂದು ಹಿಡಿಯದೆ, ಸುಮ್ಮನೆ ಅದರ ಕೆಳಗೆ ತನ್ನ ಅಂಗೈ ಹಾಸಿದಳು. ಥಾಮ್ ಅಮುಕಿದಳು, ಬಿಟ್ಟಳು. ಬಲಗೈ ಮರಗಟ್ಟಿದಾಗ ಎಡಗೈಗೆ ಬದಲಾಯಿಸಿದಳು. ಅಳು ಬರುತ್ತಿತ್ತು, ಅಳಲು ತನಗೇನು ಹಕ್ಕು ಎಂದು ಸಿಟ್ಟೂ ಬರುತ್ತಿತ್ತು.

“ನನ್ನಿಂದ ಆಗಿದ್ದು ಇದು,” ಎಂದಳು. “ಹನ್ನೆರಡಕ್ಕೆ ಹೊರಟಿದ್ರೆ ಮೂರರೊಳಗೆ ಮುಗೀತಿತ್ತು. ನಾನು ಔಷಧಿ ತರೋಕೆ ಹೋಗಿರ್ಲಿಲ್ಲ. ಬಟ್ಟೆ ಕೋಣೇಲಿ ಬಚ್ಚಿಟ್ಕೊಂಡಿದ್ದೆ. ಬರೋಕೆ ಭಯ ಆಯ್ತು.”

“ಗೊತ್ತು,” ಎಂದಳು ಮುದುಕಿ, ತಲೆಯೆತ್ತದೆ. “ಬಾಗಿಲ ಕೆಳಗೆ ನಿನ್ನ ಕಾಲು ಕಾಣಿಸ್ತಿತ್ತು. ನಾನು ಎದುರಿನ ಬೆಂಚಲ್ಲೇ ಕೂತಿದ್ದೆ.”

ಥಾಮ್‌ಳ ಕೈ ನಿಂತಿತು. ಮುದುಕನ ಎದೆ ಕಾಯಿತು. ಅವಳು ಎಚ್ಚೆತ್ತು ಮತ್ತೆ ಅಮುಕಿದಳು.

“ಕೂಗಬಹುದಿತ್ತು,” ಎಂದಳು ಮುದುಕಿ. “ಡ್ರೈವರ್ ಎರಡು ಸಲ ಬಂದು ಕೇಳ್ದ, ಸಿಸ್ಟರ್ ನೋಡಿದ್ರಾ ಅಂತ. ಇಲ್ಲ ಅಂದೆ. ಈ ಹುಡುಗಿ ಹೊರಗೆ ಬರೋವರೆಗೂ ಇವರು ಇರ್ತಾರಲ್ಲ, ಬರೋದು ಬೇಡ ದೇವ್ರೇ, ಸಂಜೆವರೆಗೂ ಬರೋದು ಬೇಡ ಅಂತ ಬೇಡ್ಕೋತಾ ಕೂತಿದ್ದೆ. ಮೂರರೊಳಗೆ ಅಂತ ಮಗ ಹೇಳಿದ್ದು ನನಗೂ ಗೊತ್ತಿತ್ತು.” ಸ್ವಲ್ಪ ಹೊತ್ತಾದ ಮೇಲೆ, “ದುವೊಕ್‌ಗೆ ಹೇಳ್ಬೇಡ,” ಎಂದಳು.

ಅಲ್ಲಿಂದ ಐದರವರೆಗಿನ ಹೊತ್ತನ್ನು ಇಬ್ಬರೂ ಕೂತು ಕಳೆದರು. ಹಣೆಯ ಗೆರೆ ಈಗ ಯಾರೂ ಮುಟ್ಟದೆಯೂ ಏಳುತ್ತಿತ್ತು. ಅದು ಎದ್ದಾಗಲೆಲ್ಲ ಮುದುಕಿ ಮೆಲ್ಲಗೆ, “ಆಯ್ತು, ಆಯ್ತು, ಇನ್ನೇನು ಬಂತು,” ಎನ್ನುತ್ತಿದ್ದಳು, ದೋಣಿಯಲ್ಲಿ ಅಳುವ ಮಗುವಿಗೆ ದಡ ತೋರಿಸುವವಳ ಹಾಗೆ. ಬೆರಳಿನ ಕಪ್ಪು ಅಂಗೈಯ ಕಡೆಗೆ ಹರಡುತ್ತಿತ್ತೋ, ಸಂಜೆಯ ಬೆಳಕಿಗೆ ಹಾಗೆ ಕಾಣುತ್ತಿತ್ತೋ, ಥಾಮ್ ನೋಡಲು ಹೋಗಲಿಲ್ಲ. ತೋಯ್ ಬಾಗಿಲಿಗೆ ಬಂದು ಕೈಗಡಿಯಾರ ತಟ್ಟಿ ತೋರಿಸಿದ; ಅವಳ ಮುಖ ಕಂಡು ಸುಮ್ಮನೆ ಹಿಂದೆ ಸರಿದ.

ಗೋಡೆಯ ಗಡಿಯಾರ ಐದು ಹೊಡೆಯಿತು. ದುವೊಕ್ ಒಳಗೆ ಬಂದು ತನ್ನ ಫೋನು ನೋಡಿದ, ನೆಂಟನೊಬ್ಬನ ಕೈಗಡಿಯಾರ ನೋಡಿದ. ಒಂದರಲ್ಲಿ ಇನ್ನೂ ಎರಡು ನಿಮಿಷ ಬಾಕಿ, ಇನ್ನೊಂದರಲ್ಲಿ ಆಗಲೇ ಮೂರು ನಿಮಿಷ ಮೀರಿತ್ತು. “ಹತ್ತು ನಿಮಿಷ ಹೆಚ್ಚೇ ಇರ್ಲಿ ಸಿಸ್ಟರ್,” ಎಂದ. “ಯಾವ ಗಡಿಯಾರ ಸರಿಯೋ ಯಾರಿಗೆ ಗೊತ್ತು? ಕಾಲು ಗಂಟೆ ಇರ್ಲಿ.”

“ಸಾಕು,” ಎಂದಳು ಮುದುಕಿ.

“ಅಮ್ಮಾ, ಇಷ್ಟೊತ್ತು ಕಾದು ಈಗ...”

“ಸಾಕು ಅಂದೆ ಕಣೋ.” ಅವಳ ದನಿ ಏರಿದ್ದನ್ನು ಆ ಮನೆ ಎಂದೂ ಕೇಳಿರಲಿಲ್ಲವೋ ಏನೋ, ದುವೊಕ್ ಹಿಂದೆ ಹೆಜ್ಜೆ ಇಟ್ಟ. ಅವಳು ಥಾಮ್ ಕಡೆ ತಿರುಗಿ, “ಯಾವುದು ಒತ್ತಬೇಕು?” ಎಂದಳು.

ಇದು ನರ್ಸಿನ ಕೆಲಸ, ಮನೆಯವರಿಂದ ಮಾಡಿಸುವಂತಿಲ್ಲ. ಥಾಮ್ ಕೆಂಪು ಗುಂಡಿ ತೋರಿಸಿದಳು. ಮುದುಕಿ ತೋರುಬೆರಳಿನಿಂದ ಒತ್ತಿದಳು, ಸಾಲದೇನೋ ಎಂದು ಇನ್ನೊಮ್ಮೆ ಒತ್ತಿದಳು. ಹಸಿರು ದೀಪ ಆರಿತು. ಥಾಮ್ ಇನ್ನೂ ಸ್ವಲ್ಪ ಹೊತ್ತು ಚೀಲ ಅಮುಕಿ, ಆಮೇಲೆ ಅದನ್ನೂ ಬಿಟ್ಟಳು. ಎಲ್ಲರೂ ಮಂಚದ ಸುತ್ತ ಸೇರಿ ತಮಗೆ ತೋಚಿದ್ದನ್ನು ಮುದುಕನ ಕಿವಿಯಲ್ಲಿ ಹೇಳಿದರು. ಹಣೆಯ ಗೆರೆ ಮಾಯವಾಗಲು ನಾಲ್ಕು ನಿಮಿಷ ಹಿಡಿಯಿತು. ನಾಡಿ ನಿಲ್ಲಲು ಹನ್ನೊಂದು.

ದುವೊಕ್ ಅತ್ತ. ಅತ್ತು ಮುಗಿಸಿ ಥಾಮ್‌ಳ ಮುಂದೆ ಬಂದು ಸೊಂಟದವರೆಗೆ ಬಾಗಿ, “ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ. ನೀವು ಹಿಡಿದು ನಿಲ್ಲಿಸದಿದ್ರೆ ನನ್ನ ಮಗು ಗತಿ ಏನಾಗ್ತಿತ್ತೋ,” ಎಂದ. ಅವಳು ಕೊಳವೆಗಳನ್ನು ಸುತ್ತತೊಡಗಿದಳು. ಹೆಂಗಸರು ಮೈತೊಳೆಯುವ ನೀರು ತಂದರು. ದುವೊಕ್ ತೋಳು ಮಡಿಸಿ ಮಂಚದ ಬಳಿ ಕೂತು ಅಪ್ಪನ ಎಡಗೈ ಎತ್ತಿಕೊಂಡ, ತಿರುಗಿಸಿ ನೋಡಿದ, ಅಮ್ಮನ ಪಕ್ಕದಲ್ಲಿದ್ದ ಸೀಮೆಎಣ್ಣೆಯ ಶೀಷೆಗೆ ಕೈ ಚಾಚಿದ.

“ಬೇಡ,” ಎಂದಳು ಮುದುಕಿ. “ನಾನು ಉಜ್ಜಿ ನೋಡ್ದೆ. ಹೋಗಲ್ಲ. ಹಾಗೇ ಇರ್ಲಿ.”

ದುವೊಕ್ ಆ ಬೆರಳುಗಳನ್ನು ಒಂದೊಂದಾಗಿ ತನ್ನ ಕೆನ್ನೆಗೆ ಒತ್ತಿಕೊಂಡ.

“ದುಡಿದ ಕೈ ಸಿಸ್ಟರ್,” ಎಂದ. “ಎಷ್ಟು ರಾಳ ಹಿಡಿದಿದೆ ನೋಡಿ.”

“ಹೌದು,” ಎಂದಳು ಥಾಮ್.